ಜರ್ಮನಿಯಲ್ಲಿ ಅವಳ ಮಗ್ಗುಲಿಗೆ ಯಾರು

ಜರ್ಮನಿಗೆ ಹೋಗುವ ಗುಂಪಿನಲ್ಲಿ ತಾನೂ ಒಬ್ಬಳು ಎಂದು ಮಗಳು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಮೂಡಲಗಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಿದ್ದಳು. ಬಸ್‌ಸ್ಟ್ಯಾಂಡಿನಿಂದ ಓಡಿಯೇ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ಎರಡು ವಾರ, ಸೇಬಿನ ತೋಟ, ಗಾಜಿನ ಮನೆಯಲ್ಲಿ ಬೆಳೆಯುವ ತರಕಾರಿ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಪಾಠ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಬೇರೆ ತಾಯಿಯಾಗಿದ್ದರೆ ಕೈಯ ಹಿಟ್ಟು ಝಾಡಿಸಿ ಮಗಳನ್ನು ಅಪ್ಪಿಕೊಳ್ಳುತ್ತಿದ್ದಳು. ನಾನು ಕೇಳಿದ್ದು ಒಂದೇ ಮಾತು.

“ರಾತ್ರಿ ನಿನ್ನ ಬಾಜೂಕ ಯಾರು ಮಲಗತಾರ?”

ಅವಳ ಮುಖ ಸಣ್ಣದಾಯಿತು. “ಅವ್ವಾ, ಮೊದಲ ಛಲೋ ಆತು ಅನ್ನು,” ಎಂದಳು. ಛಲೋ ಆತು ಎಂದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಆಮೇಲೆ ಸುದ್ದಿ ಓಣಿ ತುಂಬ ಹಬ್ಬಿತು. ನಾನು ಕಲಿಸುವ ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿನಲ್ಲೂ ಅದೇ ಮಾತು. ಅಲ್ಲಿ ಏನು ತಿನ್ನುತ್ತಾಳೆ, ಆ ಚಳಿಗೆ ಹೇಗೆ ತಾಳುತ್ತಾಳೆ, ಭಾಷೆ ಬರಬೇಕಲ್ಲ, ವಿಮಾನದಲ್ಲಿ ಕಿವಿ ಗುಂಯ್ ಅನ್ನುತ್ತದಂತೆ. ಎಲ್ಲರಿಗೂ ನಗುನಗುತ್ತ ಉತ್ತರ ಕೊಟ್ಟೆ. ಚಳಿಯಾಗಲಿ ಊಟವಾಗಲಿ ನನಗೆ ಲೆಕ್ಕಕ್ಕೇ ಇರಲಿಲ್ಲ. ಉಪವಾಸ ಇದ್ದರೂ ಎರಡು ವಾರ ಬದುಕಿ ಬಂದಾಳು. ನನ್ನನ್ನು ಕಾಡುತ್ತಿದ್ದ ಪ್ರಶ್ನೆ ನಾನು ಮೊದಲು ಕೇಳಿದ್ದೇ ಆಗಿತ್ತು, ಅದನ್ನು ಯಾರ ಮುಂದೆಯೂ ಆಡುವಂತಿರಲಿಲ್ಲ.

ಅವಳಿಗೆ ಫಿಟ್ಸ್ ಬರುತ್ತದೆ. ಇದನ್ನು ಬರೆಯುವಾಗಲೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದೆ, ಯಾರಾದರೂ ನಿಂತಿದ್ದಾರೇನೋ ಎಂದು. ಆರನೇ ಇಯತ್ತೆಯಲ್ಲಿದ್ದಾಗ ಒಂದು ಭಾನುವಾರ ಹಿತ್ತಲಲ್ಲಿ ನನ್ನ ಮುಂದೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು ಮಾತಿನ ನಡುವೆ ಸುಮ್ಮನಾದಳು. ಕುತ್ತಿಗೆ ಒಂದು ಕಡೆ ಸೆಳೆಯಿತು, ಕಣ್ಣು ಮೇಲಾಯಿತು, ಕೈಕಾಲು ಬಡಿಯತೊಡಗಿದಳು. ನಾನು ಅವಳ ಮೇಲೆ ಬಿದ್ದು ಗಟ್ಟಿಯಾಗಿ ಹಿಡಿದುಕೊಂಡೆ. ಯಾರನ್ನೂ ಕೂಗಲಿಲ್ಲ. ಮಗಳು ಸತ್ತೇ ಹೋಗುತ್ತಾಳೆ ಎಂದುಕೊಂಡ ಆ ಹೊತ್ತಿನಲ್ಲೂ ಹಿತ್ತಲ ಗೋಡೆಯಾಚೆ ಯಾರಾದರೂ ಇದ್ದಾರೆಯೇ ಎಂದು ಕತ್ತೆತ್ತಿ ನೋಡಿದ್ದೆ.

ಗೋಕಾಕಿನ ಡಾಕ್ಟರು ಹೆದರುವಂಥದ್ದೇನಿಲ್ಲ ಎಂದರು. ಮುಂಜಾನೆ ಒಂದು, ರಾತ್ರಿ ಒಂದು ಗುಳಿಗೆ ತಪ್ಪಬಾರದು, ನಿದ್ದೆ ಕೆಡಬಾರದು, ಅಷ್ಟೇ. ಅವರಿಗೇನು, ಅಷ್ಟೇ ಎಂದರು. ಗುಳಿಗೆ ತಪ್ಪಲು ನಾನು ಬಿಡಲಿಲ್ಲ. ನಿದ್ದೆ ಮಾತ್ರ ಒಮ್ಮೆ ಕೆಟ್ಟಿತು, ಎರಡು ವರ್ಷದ ಹಿಂದೆ, ಪರೀಕ್ಷೆಗೆ ಓದುತ್ತ. ಬೆಳಗಿನ ಚಹಾದ ಹೊತ್ತಿಗೆ ಬಿದ್ದಳು. ಜರ್ಮನಿಯ ವಿಮಾನವೋ ರಾತ್ರಿಯಿಡೀ ಹಾರುತ್ತದೆ ಎಂದು ಮಗಳು ಸಂಭ್ರಮದಿಂದ ಹೇಳಿದಾಗ ನಾನು ಹೆದರಿದ್ದು ಸುಮ್ಮನೆ ಅಲ್ಲ.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವವರು ಹೆಣ್ಣು ಹೆತ್ತವರಲ್ಲ, ಇಲ್ಲವೇ ನಮ್ಮ ಕಡೆಯವರಲ್ಲ. ಮೂಡಲಗಿಯಲ್ಲಿ ಒಬ್ಬರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರ ಮಾತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಹುಕ್ಕೇರಿಯಲ್ಲಿ ನನ್ನ ಗಂಡನ ಅಕ್ಕ ಇದ್ದರು. ಅತ್ತೆಯ ಮಗನಿಗೆ ಹುಡುಗಿ ಕೊಡುವುದು ನಮ್ಮಲ್ಲಿ ರೂಢಿ. ಅವರಿಗೊಬ್ಬ ಮಗ, ಬ್ಯಾಂಕಿನಲ್ಲಿ ಕೆಲಸ, ಬಂಗಾರದಂಥ ಹುಡುಗ. ನನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬಂದಾಗಲೆಲ್ಲ ಬಾಗಿಲಿನಿಂದಲೇ “ನನ್ನ ಸೊಸಿ ಎಲ್ಲದಾಳ?” ಎಂದು ಕೂಗುತ್ತ ಬರುತ್ತಿದ್ದರು.

ಆದ್ದರಿಂದ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮೂಡಲಗಿಯ ಔಷಧದ ಅಂಗಡಿ ನನ್ನ ಗಂಡನ ಜೊತೆ ಓದಿದವನದು. ಅದರ ಕಟ್ಟೆಯ ಮೇಲೆ ಯಾವಾಗಲೂ ನಾಲ್ಕು ಜನ ಪೇಪರ್ ಓದುತ್ತ ಕೂತಿರುತ್ತಾರೆ. ಆ ಅಂಗಡಿಯ ಮೆಟ್ಟಿಲನ್ನು ನಾವು ಹತ್ತುತ್ತಿರಲಿಲ್ಲ, ನೆಗಡಿಗೂ ಹತ್ತುತ್ತಿರಲಿಲ್ಲ. ಗುಳಿಗೆ ತರುವುದು ಗೋಕಾಕಿನಿಂದ, ಅದೂ ನಮ್ಮೂರವರು ಅಲ್ಲಿ ತಿರುಗಾಡದ ವಾರ ನೋಡಿ. ಮನೆಗೆ ಬಂದೊಡನೆ ಒಂದೊಂದೇ ಗುಳಿಗೆಯನ್ನು ಪಟಪಟ ಒತ್ತಿ ಹೊರತೆಗೆದು ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಹೆಸರು ಬರೆದ ಬೆಳ್ಳಿಹಾಳೆಯನ್ನು ಬಚ್ಚಲ ಒಲೆಗೆ ತಳ್ಳುತ್ತಿದ್ದೆ. ಯಾರಾದರೂ ಕೇಳಿದರೆ ಶಕ್ತಿ ಗುಳಿಗೆ. ಬಾಗಲಕೋಟೆಯ ಕಡೆ ಸೀಟು ಸಿಗುವಂತಿದ್ದರೂ ಅರಭಾವಿಯನ್ನೇ ಹಿಡಿದದ್ದೂ ಅದಕ್ಕೇ, ದಿನಾ ಬಸ್ಸಿಗೆ ಹೋಗಿ ರಾತ್ರಿ ನನ್ನ ಮಗ್ಗುಲಿಗೆ ಬಂದು ಮಲಗಲಿ ಎಂದು.

ಹೊರಡುವುದಕ್ಕೆ ಕೆಲವು ವಾರ ಇರುವಾಗ ಕಾಲೇಜಿನಲ್ಲಿ ತಂದೆ ತಾಯಿಯರನ್ನು ಕರೆದು ಕೂಡಿಸಿದರು. ಗುಂಪಿನ ಜೊತೆ ಹೋಗುವ ಮೇಡಂ ಗಟ್ಟಿ ಹೆಂಗಸು, ಮಾತು ಸ್ಪಷ್ಟ. ಬೂಟು ಎಂಥದ್ದು, ಉಣ್ಣೆಯ ಬಟ್ಟೆ ಎಷ್ಟು, ಉಪ್ಪಿನಕಾಯಿ ಯಾಕೆ ಬೇಡ ಎಂದು ಹೇಳಿದ ಮೇಲೆ ಔಷಧದ ಮಾತಿಗೆ ಬಂದರು.

“ಬಿಡಿ ಗುಳಿಗಿ ಒಯ್ಯೂಹಂಗಿಲ್ರಿ. ಹೆಸರು ಕಾಣೂಹಂಗ ಅದರ ಪಾಕೀಟಿನ್ಯಾಗ ಇರಬೇಕು, ಡಾಕ್ಟರ್ ಚೀಟಿ ಇರಬೇಕು. ಮತ್ತ ಯಾರಿಗರ ಏನರ ತ್ರಾಸ ಇದ್ರ ನನಗ ಇಲ್ಲೇ ಹೇಳ್ರಿ. ಅಲ್ಲಿ ಹೋದಮ್ಯಾಲ ಗೊತ್ತಾದ್ರ ನಾ ಯಾರ ಮನಿ ಬಾಗಿಲಿಗೆ ಹೋಗ್ಲಿ?”

ಒಬ್ಬ ತಾಯಿ ಎದ್ದು ನಿಂತು, “ನಮ್ಮ ಹುಡುಗಿಗೆ ಬಸ್ಸಿನ್ಯಾಗ ವಾಂತಿ ಆಗತೈತ್ರಿ,” ಎಂದಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ನನ್ನ ಪಕ್ಕದಲ್ಲಿ ಮಗಳ ಕೈ ಮೇಲೇಳುವುದು ಕಂಡಿತು. ಸೆರಗಿನ ಕೆಳಗಿನಿಂದ ಅವಳ ಮಣಿಕಟ್ಟನ್ನು ಹಿಡಿದು ಕೆಳಗೆ ಒತ್ತಿದೆ. ಬಳೆ ಒಡೆಯುತ್ತದೇನೋ ಎನ್ನುವಷ್ಟು ಒತ್ತಿದೆ. ಮೇಡಂ ಮುಂದಿನ ವಿಷಯಕ್ಕೆ ಹೋದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಜಗಳವೂ ಶುರುವಾಯಿತು. ಸುತ್ತಲೂ ಜನ ಇದ್ದದ್ದರಿಂದ ಪಿಸುಮಾತಿನಲ್ಲೇ ಜಗಳ.

“ನಾ ಮೇಡಂಗ ಹೇಳಾಕಿನ.”

“ಹೇಳಿದ್ರ ನಿನ್ನ ಬಿಟ್ಟು ಇನ್ನೊಬ್ಬಾಕಿನ್ನ ಕರಕೊಂಡು ಹೋಗತಾರ.”

“ಹೇಳದ ಹೋಗಿ ಅಲ್ಲಿ ಬಿದ್ರ?”

ಉತ್ತರ ಇಲ್ಲದಾಗ ತಾಯಂದಿರು ಏನು ಹೇಳುತ್ತಾರೋ ಅದನ್ನೇ ಹೇಳಿದೆ. “ಹಂಗಾದ್ರ ಹೋಗೂದ ಬ್ಯಾಡ.” ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಮೂಡಲಗಿ ಬರುವವರೆಗೂ ಈ ಕಡೆ ನೋಡಲಿಲ್ಲ.

ನನ್ನ ಗಂಡನದು ಹಿಟ್ಟಿನ ಗಿರಣಿ. ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡು ದಿನವಿಡೀ ಗದ್ದಲದಲ್ಲಿ ನಿಲ್ಲುವ ಮನುಷ್ಯನಿಗೆ ಮನೆಯಲ್ಲಿ ಮಾತು ಕಡಿಮೆ. ಅವತ್ತು ನಡೆದದ್ದನ್ನೆಲ್ಲ ಕೇಳಿ, ಉಂಡು, ಕೈತೊಳೆದು, ಒಂದೇ ಮಾತು ಕೇಳಿದರು. “ಆಕಿ ಅಲ್ಲಿ ಬಿದ್ಲು ಅಂತ ತಿಳಕೊ. ಬಾಜೂಕ ಇದ್ದವರಿಗೆ ಗೊತ್ತಿರಬೇಕೋ, ಗೊತ್ತಿರಬಾರದೋ? ಅಷ್ಟ ಹೇಳು.” ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿಮಗೇನು, ನಾಳೆ ನಿಮ್ಮ ಅಕ್ಕನಿಗೆ ಮುಖ ತೋರಿಸಬೇಕಾದವಳು ನಾನು ಎಂದು ಕೂಗಾಡಿದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಗಿರಣಿಗೆ ಹೋದರು.

ಕೊನೆಗೆ ಗೋಕಾಕಿಗೆ ಹೋದೆವು. ಡಾಕ್ಟರು ಬೇಡ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು ಬೇಡ ಎಂದರೆ ತಪ್ಪು ನನ್ನದಾಗುತ್ತಿರಲಿಲ್ಲ, ಮಗಳು ನನ್ನನ್ನು ಬೈಯುವಂತಿರಲಿಲ್ಲ. ಅವರು ಮುಖ ಅರಳಿಸಿ, “ಜರ್ಮನಿ! ಶಾಬ್ಬಾಸ್,” ಎಂದರು. ಹೊರಡುವ ಮುಂಚೆ ಚೆನ್ನಾಗಿ ನಿದ್ದೆ ಮಾಡಬೇಕು, ವಿಮಾನದಲ್ಲಿ ಸಿನಿಮಾ ನೋಡುತ್ತ ಕೂಡಬಾರದು, ಗುಳಿಗೆ ಕೈಚೀಲದಲ್ಲೇ ಇರಬೇಕು, ಜೊತೆಗಿರುವ ಇಬ್ಬರಿಗಾದರೂ ವಿಷಯ ಗೊತ್ತಿರಬೇಕು. ಗೊತ್ತಿರಬೇಕು ಎನ್ನುವಾಗ ಮಗಳ ಕಡೆ ನೋಡದೆ ನನ್ನ ಕಡೆಯೇ ನೋಡಿದರು. ಚೀಟಿ ಬರೆದುಕೊಟ್ಟರು. ಅಲ್ಲಿನ ಔಷಧದ ಅಂಗಡಿಯವನು ತನ್ನಲ್ಲಿದ್ದ ಗುಳಿಗೆಯ ಅಷ್ಟೂ ಪಟ್ಟಿಗಳನ್ನು ಕಟ್ಟಿಕೊಟ್ಟ.

ಬರುವಾಗ ನಾನೊಂದು ಉಪಾಯ ಹೂಡಿದೆ. “ವಿಮಾನ ಹತ್ತಿದಮ್ಯಾಲ ಹೇಳು. ಹತ್ತಿದಮ್ಯಾಲ ಯಾರು ಇಳಸ್ತಾರ?” ಮಗಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಸಿಟ್ಟೂ ಅಲ್ಲ, ನಗುವೂ ಅಲ್ಲ. ಏನೂ ಅನ್ನಲಿಲ್ಲ. ಅನ್ನದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆಮೇಲಿನ ದಿನಗಳು ಮನೆಯಲ್ಲಿ ಹಬ್ಬದ ಹಾಗೆ ಕಳೆದವು, ಹೊರಗಿನಿಂದ ನೋಡುವವರಿಗೆ. ಗಾಲಿಯ ಸೂಟ್‌ಕೇಸು ಬಂತು. ನಮ್ಮ ಓಣಿಯ ಕಲ್ಲುಗಳ ಮೇಲೆ ಅದನ್ನು ಗಡಗಡ ಎಳೆದು ಅಭ್ಯಾಸ ಮಾಡಿದಳು, ನಾಯಿಗಳೆಲ್ಲ ಬೊಗಳುತ್ತ ಹಿಂದೆ ಬಂದವು. ಚಮಚ ಮತ್ತು ಮುಳ್ಳುಚಮಚ ಹಿಡಿದು ರೊಟ್ಟಿ ಪಲ್ಯ ತಿನ್ನಲು ಹೋಗಿ ರೊಟ್ಟಿ ಹಾರಿ ಅಪ್ಪನ ತಾಟಿಗೆ ಬಿತ್ತು. ಅಲ್ಲಿಯವರಿಗೆ ಕೊಡಲು ಗೋಕಾಕದ ಕರದಂಟು ಕಟ್ಟಿಸಿದೆವು. ದಾಂಕೆ ಅಂದರೆ ಥ್ಯಾಂಕ್ಸು, ಬಿಟ್ಟೆ ಅಂದರೆ ಪ್ಲೀಸು ಎಂದು ಜರ್ಮನ್ ಮಾತು ಹೇಳಿಕೊಂಡು ಮನೆ ತುಂಬ ಓಡಾಡಿದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗುತ್ತಲೇ ಅವಳ ಕಣ್ಣರೆಪ್ಪೆ ನೋಡುತ್ತಿದ್ದೆ, ಅದುರುತ್ತಿದೆಯೇ ಎಂದು. ಮಾತಿನ ನಡುವೆ ಒಂದು ಗಳಿಗೆ ಸುಮ್ಮನಾದರೆ ಕೈಯ ಕೆಲಸ ಬಿಟ್ಟು ಹತ್ತಿರ ಹೋಗುತ್ತಿದ್ದೆ. “ಅವ್ವಾ, ವಿಚಾರ ಮಾಡಾಕತ್ತೇನಿ, ಅಷ್ಟ,” ಎಂದು ಅವಳೇ ಹೇಳುತ್ತಿದ್ದಳು.

ಹೊರಡುವ ಹಿಂದಿನ ದಿನ ಮಗಳು ಗೆಳತಿಯರ ಜೊತೆ ಸಣ್ಣಪುಟ್ಟ ಸಾಮಾನು ತರಲು ಪೇಟೆಗೆ ಹೋಗಿದ್ದಳು. ನಾನು ಮಂಚದ ಮೇಲೆ ಬಟ್ಟೆಗಳನ್ನು ಹರವಿಕೊಂಡು ಕೂತಿದ್ದೆ. ಅವುಗಳ ನಡುವೆ ಗುಳಿಗೆಯ ಪಟ್ಟಿಗಳಿದ್ದವು, ಹೆಸರು ಮೇಲಾಗಿ, ಥಳಥಳ ಹೊಳೆಯುತ್ತ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವು ನಮ್ಮ ಮನೆಯಲ್ಲಿ ಇಡಿಯಾಗಿ ಉಳಿದಿದ್ದವು. ಆಗ ಹೊರಗಿನಿಂದ ಕೂಗು ಕೇಳಿತು.

“ನನ್ನ ಸೊಸಿ ಎಲ್ಲದಾಳ? ಜರ್ಮನಿಗೆ ಹೋಗೂ ಸೊಸಿ?”

ಹುಕ್ಕೇರಿಯ ನಾದಿನಿ ಮರುದಿನ ಬೆಳಿಗ್ಗೆ ಸೀದಾ ಅರಭಾವಿಗೇ ಬರುವುದಾಗಿ ಹೇಳಿದ್ದರು. ಪ್ರೀತಿ ತಡೆಯಲಾರದೆ ಒಂದು ದಿನ ಮೊದಲೇ ಬಸ್ ಹತ್ತಿದ್ದರು. ಅವರು ಜಗಲಿಯಲ್ಲಿ ಚೀಲ ಇಳಿಸಿ, ಕಾಲು ತೊಳೆದು, ನನ್ನ ಗಂಡನ ಹತ್ತಿರ ನೀರು ಕೇಳಿ ಕುಡಿದು ಒಳಗೆ ಬರುವಷ್ಟರಲ್ಲಿ ನನ್ನ ಬೆರಳುಗಳು ತಮ್ಮ ಕೆಲಸ ತಾವು ಮುಗಿಸಿದ್ದವು. ಪಟಪಟ ಒತ್ತಿದ್ದು, ಡಬ್ಬಿಗೆ ಸುರಿದದ್ದು, ಖಾಲಿ ಪಟ್ಟಿಗಳನ್ನು ಒಯ್ದು ಬಚ್ಚಲ ಒಲೆಯ ಕೆಂಡದ ಮೇಲೆ ತಳ್ಳಿದ್ದು, ಒಂದನ್ನೂ ನಾನು ಯೋಚಿಸಿ ಮಾಡಲಿಲ್ಲ. “ಬರ್ರಿ ವೈನಿ,” ಎಂದು ನಗುತ್ತ ಎದುರು ಹೋದೆ. ಬಚ್ಚಲಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಏನು ಮಾಡಿಕೊಂಡೆ ಎಂದು ತಿಳಿಯಿತು.

ಮಗಳು ಬಂದಾಗ ನಾದಿನಿ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಪುಡಿಯನ್ನು ಚೀಲಗಳಿಗೆ ತುಂಬಿ ಮೇಣಬತ್ತಿಯ ಉರಿಗೆ ಬಾಯಿ ಅಂಟಿಸುತ್ತಿದ್ದರು. ನಾನು ಮಗಳಿಗೆ ಸನ್ನೆ ಮಾಡಿ ಹಿತ್ತಲಿಗೆ ಕರೆದು ಹೇಳಿದೆ. ಅವಳು ಡಬ್ಬಿಯನ್ನು ತೆರೆದು ನೋಡಿದಳು. ಡಬ್ಬಿ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಬೇಡ, ಬೇಡ ಎನ್ನುತ್ತ ನಾನು ಹಿಂದೆಯೇ ಓಡಿದೆ.

“ಅತ್ತಿ, ನನಗ ಫಿಟ್ಸ್ ಬರತೈತಿ. ಆರನೇತ್ತದಾಗಿಂದ. ಇವು ಅದರ ಗುಳಿಗಿ. ನೀವು ಬಂದ್ರಿ ಅಂತ ಅವ್ವ ಅಂಜಿ ಪಾಕೀಟ ಎಲ್ಲಾ ಸುಟ್ಟಾಳ. ಪಾಕೀಟ ಇಲ್ಲದ ಇವನ್ನ ಒಯ್ಯಾಕ ಬರೂದಿಲ್ಲ.”

ನಾದಿನಿಯ ಕೈಯಲ್ಲಿ ಮೇಣಬತ್ತಿ ಉರಿಯುತ್ತಲೇ ಇತ್ತು. ಅವರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. “ಗುಳಿಗಿ ಇಲ್ಲಿ ಮೂಡಲಗ್ಯಾಗ ಸಿಗೂದಿಲ್ಲೇನು?” ಎಂದು ಕೇಳಿದರು. ಅಷ್ಟೇ ಕೇಳಿದರು. ಮತ್ತೆ ಚೀಲಗಳ ಬಾಯಿ ಅಂಟಿಸತೊಡಗಿದರು.

ಗೋಕಾಕಿನ ಅಂಗಡಿಗೆ ಫೋನ್ ಮಾಡಿದರೆ ಇದ್ದದ್ದನ್ನೆಲ್ಲ ನಿಮಗೇ ಕೊಟ್ಟೆನಲ್ಲ, ಹೊಸ ಮಾಲು ನಾಡಿದ್ದು ಬರುತ್ತದೆ ಎಂದರು. ನನ್ನ ಗಂಡ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮೈಮೇಲಿನ ಹಿಟ್ಟನ್ನೂ ಝಾಡಿಸದೆ ಹೊರಟರು. ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಪೇಪರ್ ಓದುವವರು ತಲೆ ಎತ್ತುವುದು, ಒಬ್ಬರನ್ನೊಬ್ಬರು ನೋಡುವುದು, ಎಲ್ಲವೂ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ಪಟ್ಟಿಗಳನ್ನು ತಂದು ಮೇಜಿನ ಮೇಲೆ ಇಟ್ಟರು.

“ಏನ್ ಅಂದ?” ಎಂದು ಕೇಳಿದೆ.

“ಏನ್ ಅಂತಾನ? ಎಷ್ಟ ದಿನದ್ದು ಬೇಕು ಅಂದ. ಹೇಳಿದ್ನಿ, ಕೊಟ್ಟ.”

“ಯಾರಿಗೆ ಅಂತ ಕೇಳಲಿಲ್ಲ?”

“ಚೀಟಿ ಮ್ಯಾಲ ಹೆಸರೈತಲ್ಲ.”

ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ರೇಗಿತು. ಇಷ್ಟು ವರ್ಷ ಬಿಸಿಲಲ್ಲಿ ಗೋಕಾಕಿಗೆ ಅಲೆದವಳು ನಾನು. ಆ ಮನುಷ್ಯ ಒಂದು ಹುಬ್ಬನ್ನಾದರೂ ಏರಿಸಬಾರದಿತ್ತೇ ಎಂದು ಯಾರ ಮೇಲೋ ಗೊತ್ತಿಲ್ಲದ ಸಿಟ್ಟಿನಲ್ಲಿ ಪಾತ್ರೆಗಳನ್ನು ಕುಕ್ಕುತ್ತ ತೊಳೆದೆ.

ಅಷ್ಟರಲ್ಲಿ ಮಗಳು ಜಗಲಿಗೆ ಹೋಗಿ ಮೇಡಂಗೆ ಫೋನ್ ಮಾಡಿದ್ದಳು. ಇಷ್ಟು ತಡವಾಗಿ ಹೇಳಿದ್ದಕ್ಕೆ ಬೈದರಂತೆ. ಬೈದು, ಡಾಕ್ಟರ ಚೀಟಿಯಲ್ಲಿ ಏನಿದೆ ಎಂದು ಓದಿಸಿಕೊಂಡರಂತೆ. ಅಲ್ಲಿ ವಿದ್ಯಾರ್ಥಿಗಳ ವಸತಿಯೇ ಬೇರೆ, ಶಿಕ್ಷಕರದೇ ಬೇರೆ. ಇಬ್ಬಿಬ್ಬರಿಗೆ ಒಂದು ಕೋಣೆ. ಇವಳ ಜೋಡಿ ಘೋಡಗೇರಿಯ ಹುಡುಗಿ. ಆ ಹುಡುಗಿಗೂ ಅವಳ ಮನೆಯವರಿಗೂ ಹೇಳಿ ಒಪ್ಪಿಸಬೇಕು, ಇವಳೊಬ್ಬಳನ್ನೇ ಒಂದು ಕೋಣೆಯಲ್ಲಿ ಮಲಗಿಸುವ ಧೈರ್ಯ ತನಗಿಲ್ಲ, ಅವರು ಒಪ್ಪದಿದ್ದರೆ ತಾನು ಕರೆದುಕೊಂಡು ಹೋಗಲಾರೆ ಎಂದರಂತೆ. ಮಗಳು ಇದನ್ನೆಲ್ಲ ಅಳದೆ ಹೇಳಿ, ಗುಳಿಗೆ ನುಂಗಿ, ಬೇಗನೆ ಮಲಗಿದಳು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ನಾದಿನಿ ಅವಳ ಹಣೆಗೆ ಕುಂಕುಮ ಹಚ್ಚಿ, ಬಾಯಿಗೆ ಬೆಲ್ಲದ ಚೂರು ಇಟ್ಟು, “ಹುಷಾರಾಗಿ ಹೋಗಿ ಬಾ ಮಗಳ,” ಎಂದರು. ಸೊಸಿ ಅನ್ನಲಿಲ್ಲ, ಮಗಳ ಎಂದರು. ಬಾಯಿ ತಪ್ಪಿ ಅಂದದ್ದಲ್ಲ, ಆಮೇಲೂ ಎರಡು ಸಲ ಹಾಗೇ ಕರೆದರು. ಬಂಗಾರದಂಥ ಹುಡುಗನ ಸಂಬಂಧ ಅಲ್ಲಿಗೆ ಮುಗಿಯಿತು. ಮಗಳಿಗೂ ಕೇಳಿಸಿತ್ತು, ನನಗೆ ಗೊತ್ತು. ಅವಳು ಬಗ್ಗಿ ಅತ್ತೆಯ ಕಾಲು ಮುಟ್ಟಿ ಸೂಟ್‌ಕೇಸು ಎತ್ತಿಕೊಂಡಳು.

ಕಾಲೇಜಿನ ಮುಂದೆ ಬೆಂಗಳೂರಿಗೆ ಹೋಗುವ ಬಸ್ಸು ನಿಂತಿತ್ತು. ಹುಡುಗರ ತಂದೆ ತಾಯಿ, ಅಣ್ಣ ತಂಗಿ, ಕೆಲವರ ಮನೆಯಿಂದ ಇಡೀ ಓಣಿಯೇ ಬಂದಿತ್ತು. ಮೇಡಂ ನಮ್ಮನ್ನು ಪಡಸಾಲೆಯ ಒಂದು ಮೂಲೆಗೆ ಕರೆದರು. ಘೋಡಗೇರಿಯ ಹುಡುಗಿ ತನ್ನ ತಾಯಿಯ ಜೊತೆ ಅಲ್ಲಿದ್ದಳು. ತೆಳ್ಳಗಿನ ಹುಡುಗಿ, ತಲೆಯ ಮೇಲೆ ಹೊಸ ಓಢಣಿ. ತಾಯಿ ಹೊಲದಲ್ಲಿ ದುಡಿದ ಕೈಯವರು, ಮುಖದಲ್ಲಿ ಸಂಕೋಚ. ಮೇಡಂ ಆಗಲೇ ಎಲ್ಲ ಹೇಳಿದ್ದರು.

“ಟೀಚರ್, ನಿಮ್ಮ ಹುಡುಗಿ ಬಗ್ಗೆ ನಮಗ ಬ್ಯಾರೆ ಏನಿಲ್ರಿ,” ಎಂದರು ಆ ತಾಯಿ. “ಖರೆ, ರಾತ್ರಿ ಏನರ ಹೆಚ್ಚುಕಡಿಮಿ ಆದ್ರ ನಮ್ಮಾಕಿ ಮ್ಯಾಲ ಬರತೈತಿ. ಈಕಿನೂ ಸಣ್ಣಾಕಿ. ನಮ್ಮನ್ನ ಬಿಟ್ಟು ಒಂದು ದಿನ ಎಲ್ಲೂ ಇದ್ದಿಲ್ಲ.”

ತಪ್ಪೇನಿತ್ತು? ಅವರ ಜಾಗದಲ್ಲಿ ನಾನಿದ್ದರೆ ಇಷ್ಟು ಮೆತ್ತಗೆ ಹೇಳುತ್ತಿರಲಿಲ್ಲ. ನನ್ನ ಮಗಳು ಗೆಳತಿಯ ಮುಂದೆ ನಿಂತು ಬಿಡಿಸಿ ಹೇಳತೊಡಗಿದಳು, ಎಷ್ಟು ಹೊತ್ತು ಬರುತ್ತದೆ, ಹೇಗಿರುತ್ತದೆ, ಏನು ಮಾಡಬೇಕು. ಒಂದೊಂದು ಮಾತಿಗೂ ಆ ಹುಡುಗಿಯ ಮುಖದಲ್ಲಿ ರಕ್ತ ಇಳಿಯುತ್ತ ಹೋಯಿತು. “ನನಗ ಹಿಡಿಯಾಕ ಬರೂದಿಲ್ಲ,” ಎಂದಳು ಕೊನೆಗೆ. “ನಾ ಅಂಜಿ ಹೊರಗ ಓಡಿ ಹೋದ್ರ?” ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮೇಡಂ ಗಡಿಯಾರ ನೋಡಿಕೊಂಡರು. ನನ್ನ ಮಗಳು ಮಾತು ನಿಲ್ಲಿಸಿದಳು. ಅವಳ ಕೈ ಸೂಟ್‌ಕೇಸಿನ ಹಿಡಿಯ ಮೇಲಿನಿಂದ ಜಾರಿತು. ನಾನು ಇಷ್ಟು ದಿನ ಒಳಗೊಳಗೇ ಬೇಡಿಕೊಂಡದ್ದು ಇದನ್ನೇ ಅಲ್ಲವೇ, ಹೋಗುವುದು ತಪ್ಪಲಿ ಎಂದು. ಅದು ಈಗ ಕೈಗೆ ಬರುವಂತಿತ್ತು. ಮಗಳ ಮುಖ ನೋಡಿದೆ, ನೋಡಲಾಗಲಿಲ್ಲ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಮಲಗಿಬಿಟ್ಟೆ.

ಯಾರೋ ಅಯ್ಯೋ ಎಂದರು. ಟೀಚರಿಗೆ ಚಕ್ಕರ್ ಬಂತು ಎಂದು ಯಾರೋ ನೀರಿಗೆ ಓಡಿದರು. ಪಡಸಾಲೆಯ ಕೆಳಗೆ ಬಸ್ಸಿನ ಹತ್ತಿರವಿದ್ದ ಜನವೆಲ್ಲ ಈ ಕಡೆ ತಿರುಗಿತು. ನಾದಿನಿ ಮುಂದೆ ಬಂದು ಮೇಲಾಗಿದ್ದ ನನ್ನ ಸೀರೆಯ ನೆರಿಗೆಯನ್ನು ಕಾಲ ಮೇಲೆ ಎಳೆದು ಮುಚ್ಚಿದರು.

“ಬಾ ಇಲ್ಲೆ,” ಎಂದು ಘೋಡಗೇರಿಯ ಹುಡುಗಿಯನ್ನು ಕರೆದೆ. “ನಾನ ನಿನ್ನ ಗೆಳತಿ ಅಂತ ತಿಳಕೊ. ಫಿಟ್ಸ್ ಬಂದೈತಿ. ಕೈಕಾಲು ಬಡಿಯಾಕತ್ತೇನಿ. ಏನ್ ಮಾಡತಿ?”

ಅವಳು ಮಂಡಿಯೂರಿ ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಳು.

“ಹಿಡೀಬ್ಯಾಡ. ಎಲ್ಲಾರೂ ಹಂಗ ಹಿಡೀತಾರ, ನಾನೂ ಹಿಡಿದೇನಿ. ಹಿಡಿದ್ರ ಆಕಿಗೆ ಪೆಟ್ಟಾಗತೈತಿ. ಬಾಜೂದಾಗಿನ ಕುರ್ಚಿ ದೂರ ಸರಸು. ತಲಿ ಕೆಳಗ ಮೆತ್ತಂದು ಏನರ ಇಡು.”

ಅವಳು ಸುತ್ತ ನೋಡಿದಳು. ತನ್ನ ಹೊಸ ಓಢಣಿಯನ್ನೇ ತೆಗೆದು ಮಡಚಿ ನನ್ನ ತಲೆಯ ಕೆಳಗೆ ಇಟ್ಟಳು.

“ಬಾಯಾಗ ನೀರು ಹಾಕಬ್ಯಾಡ. ಕೈಯಾಗ ಕೀಲಿಕೈ ಕೊಡಬ್ಯಾಡ. ಗಡಿಯಾರ ನೋಡು, ಐದು ನಿಮಿಷ ದಾಟಿದ್ರ ಮೇಡಂಗ ಫೋನ್ ಹಚ್ಚು. ಈಗ ಬಡಿಯೂದು ನಿಂತೈತಿ. ಮಗ್ಗಲಿಗೆ ಹೊರಳಸು ನನ್ನ.”

ಅವಳ ಸಣ್ಣ ಕೈಗಳು ನನ್ನ ಭುಜ ಹಿಡಿದು ಎಳೆದವು. ನಾನು ಭಾರ, ಹೊರಳಲಿಲ್ಲ. ಮತ್ತೊಮ್ಮೆ ಎಳೆದಳು. ಆಗ ಅವಳ ತಾಯಿ ಬಗ್ಗಿದರು.

“ಹಂಗಲ್ಲ, ಮೊಣಕೈ ಅಡ್ಡ ಬರಾಕತ್ತೈತಿ ನೋಡು. ಮೊಣಕಾಲು ಮಡಚು ಮೊದಲ. ಹಾಂ. ಈಗ ನಿನ್ನ ಕಡೆ ಎಳಿ.”

ಹೊರಳಿದೆ. ಕೆನ್ನೆಗೆ ಓಢಣಿಯ ಹೊಸ ಬಟ್ಟೆ ತಾಗಿತು. ಡಾಕ್ಟರು ಎಷ್ಟೋ ಸಲ ಹೇಳಿ ಕಲಿಸಿದ್ದ ಹಾಗೆಯೇ, ಬಾಯಿ ನೆಲದ ಕಡೆ, ಉಸಿರಾಟ ಸರಾಗ. ಕಣ್ಣು ಮುಚ್ಚಿದೆ.

“ಮುಂದ?” ಎಂದು ಹುಡುಗಿ ಕೇಳಿದಳು.

“ಮುಂದ ಏನಿಲ್ಲವಾ. ಆಕಿ ಕಣ್ಣ ತಗಿಯೂತನಕ ಬಾಜೂಕ ಕುಂಡ್ರು. ಬಿಟ್ಟು ಏಳಬ್ಯಾಡ.”

ಅವಳು ನನ್ನ ಮಗ್ಗುಲಿಗೆ ಕೂತಳು. ಒಂದು ಕೈ ನನ್ನ ಭುಜದ ಮೇಲಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಯಾರೋ ಕೂತರು. ಆ ಬಳೆಗಳ ಸದ್ದು ನನ್ನ ಮಗಳದು. ಮೇಡಂ ಯಾರಿಗೋ ಹುಡುಗಿಯರಿಬ್ಬರ ಸಾಮಾನನ್ನೂ ಬಸ್ಸಿನ ಮೇಲೆ ಏರಿಸಲು ಹೇಳುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದ. ಹುಡುಗಿ ಏಳಲಿಲ್ಲ, ನಾನು ಹೇಳಿದ ಹಾಗೆಯೇ ಕೂತಿದ್ದಳು. ಮತ್ತೊಮ್ಮೆ ಹಾರ್ನ್ ಆಯಿತು. ನಾನು ಕಣ್ಣು ತೆರೆದರೆ ಅವರಿಬ್ಬರೂ ಎದ್ದು ಹೊರಡಬೇಕಿತ್ತು. ಇನ್ನೊಂದಿಷ್ಟು ಹೊತ್ತು ಮುಚ್ಚಿಕೊಂಡೇ ಇದ್ದೆ.